ಲ್ಯಾವೆಲ್ಲೆಯ ನಾಡಿನಲ್ಲಿ ನಮ್ಮ ಹುಡುಗ

ಬೆಂಗಳೂರಿಗೆ ಹೋಗಿ ಬರುವವರೆಲ್ಲ ಲ್ಯಾವೆಲ್ಲೆ ರಸ್ತೆಯ ಹೆಸರು ಕೇಳಿಯೇ ಇರುತ್ತೀರಿ. ಆ ಲ್ಯಾವೆಲ್ಲೆ ಯಾರಪ್ಪಾ ಎಂದು ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ಕೇಳಿದೆ. ಒಬ್ಬ ‘ಯಾರೋ ಬಿಲ್ಡರ್ ಇರಬೇಕು ತಾತ’ ಎಂದ. ಇನ್ನೊಬ್ಬ ಯೋಚನೆಯನ್ನೇ ಮಾಡದೆ ‘ಫಾಸ್ಟ್ ಬೌಲರ್’ ಎಂದ. ಚಿನ್ನದ ಗಣಿಯ ಮಗ್ಗುಲಲ್ಲಿ ಹುಟ್ಟಿದ ಮಕ್ಕಳಿಗೇ ಆತನ ಪರಿಚಯವಿಲ್ಲ. ಆದ್ದರಿಂದ ಮೊದಲು ಅವನ ಕಥೆ, ಆಮೇಲೆ ನಮ್ಮ ಮೊಮ್ಮಗನ ಪ್ರವಾಸದ ಕಥೆ. ಎರಡಕ್ಕೂ ನಂಟಿದೆ.

ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ ಐರ್ಲೆಂಡಿನವನು. ಬ್ರಿಟಿಷ್ ಸೈನ್ಯದಲ್ಲಿದ್ದು, ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಭಾಗವಹಿಸಿ, ನಿವೃತ್ತನಾಗಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ನೆಲೆಸಿದ್ದ. ಅಲ್ಲಿ ಅವನ ಕೈಗೆ ಲೆಫ್ಟಿನೆಂಟ್ ಜಾನ್ ವಾರೆನ್ ಬರೆದಿದ್ದ ಹಳೆಯ ಬರಹವೊಂದು ಸಿಕ್ಕಿತು. ಟಿಪ್ಪುವಿನ ಕಾಲ ಮುಗಿದ ಮೇಲೆ, 1802ರಲ್ಲಿ, ಮೈಸೂರಿನ ಗಡಿ ಅಳೆಯಲು ಬಂದ ವಾರೆನ್‌ಗೆ ಉರಿಗಾಂ, ಮಾರಿಕುಪ್ಪಂ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೋರಿಸಿದ್ದರು. ಅಷ್ಟು ಓದಿದ್ದೇ ಲ್ಯಾವೆಲ್ಲೆ ಹೊರಟೇಬಿಟ್ಟ. 1871ರಲ್ಲಿ ಎತ್ತಿನ ಗಾಡಿಯಲ್ಲಿ ಅರವತ್ತು ಮೈಲಿ ಬಂದನೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರಲ್ಲೇ ರೈಲು ಹಾಕಿದ್ದರು. ಬಂಗಾರಪೇಟೆವರೆಗೆ ಅದರಲ್ಲೇ ಬರಬಹುದಿತ್ತಲ್ಲ ಎಂದು ನನ್ನಂಥ ಲೆಕ್ಕದವನಿಗೆ ಅನಿಸುತ್ತದೆ. ಆದರೆ ದಾರಿಯುದ್ದಕ್ಕೂ ಮಣ್ಣು ನೋಡುತ್ತ, ಹಳ್ಳಿಹಳ್ಳಿಯಲ್ಲಿ ವಿಚಾರಿಸುತ್ತ ಬರುವವನಿಗೆ ಗಾಡಿಯೇ ಸರಿ.

1873ರಲ್ಲಿ ಅವನು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1875ರ ಫೆಬ್ರುವರಿ 2ರಂದು 20 ವರ್ಷದ ಗುತ್ತಿಗೆ ಸಿಕ್ಕಿತು. ಕೈಯಲ್ಲಿ ಬಂಡವಾಳ ಮಾತ್ರ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಹಕ್ಕನ್ನು ಬೇರೆಯವರಿಗೆ ವಹಿಸಿಕೊಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮುಂದಿನದು ಊರಿಗೆಲ್ಲ ಗೊತ್ತು: 3.2 ಕಿ.ಮೀ. ಆಳಕ್ಕೆ ಇಳಿದ ಗಣಿ, ಸುಮಾರು 800 ಟನ್ ಚಿನ್ನ, ಮತ್ತು 2001ರ ಫೆಬ್ರುವರಿ 28ರ ಬೀಗ.

ಆ ಬೀಗ ಬಿದ್ದಾಗ ನಮ್ಮ ಮೊಮ್ಮಗ ಎಳೆಗೂಸು. ಈಗ ಅವನು ಡಬ್ಲಿನ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲೇ ಕೆಲಸದಲ್ಲಿದ್ದಾನೆ. ಕಳೆದ ಜೂನ್‌ನಲ್ಲಿ ಹತ್ತು ದಿನ ರಜೆ ಹಾಕಿ, ಹೆಗಲಿಗೊಂದು ಚೀಲ ಹಾಕಿಕೊಂಡು ಐರ್ಲೆಂಡ್ ಸುತ್ತಲು ಹೊರಟ. ‘ಏನೇನು ನೋಡ್ತೀಯೋ?’ ಎಂದು ಕೇಳಿದೆ. ‘ಸಮುದ್ರ, ಬೆಟ್ಟ, ಹಳೇ ಕೋಟೆ, ಪಬ್ಬು’ ಎಂದ. ಫೋನು ಸ್ಪೀಕರಿನಲ್ಲಿತ್ತು.

ನಮ್ಮ ಮನೆಯಾಕೆ ಹುರುಳಿಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ‘ಪಬ್ಬಿಗೆ ಕಾಲಿಟ್ರೆ ಈ ಅಜ್ಜಿ ಹತ್ರ ಮಾತಾಡ್ಬೇಡ.’

ಇದನ್ನು ಓದಿ ನಗುವ ಮಕ್ಕಳಿಗೆ ಒಂದು ಮಾತು ಹೇಳಬೇಕು. ಆಕೆಯ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಆಕೆ ಬೆಳೆದದ್ದು ಗಣಿಯ ಲೈನ್ ಮನೆಗಳಲ್ಲಿ. ಅವರಪ್ಪ ಕುಡಿಯುತ್ತಿರಲಿಲ್ಲ, ಆದರೆ ಗೋಡೆಯಾಚೆಯ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ಲೈನಿನಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. ನಾನು ಕೆ.ಜಿ.ಎಫ್.ನ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತನಾಗಿದ್ದಾಗ ಸಂಬಳದ ದಿನ ಮಧ್ಯಾಹ್ನ ಕೌಂಟರಿನ ಮುಂದೆ ಹೆಂಗಸರ ಸಾಲು ನಿಲ್ಲುತ್ತಿತ್ತು. ಗಂಡನ ಕೈಯಿಂದ ಹೇಗೋ ಬಿಡಿಸಿಕೊಂಡ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ. ಸಂಜೆ ಸಾರಾಯಿ ಅಂಗಡಿ ತುಂಬುವ ಮೊದಲು ಅದನ್ನು ಕಟ್ಟಿಬಿಡಬೇಕು. ‘ಸಾರ್, ಅವರು ಬಂದು ಕೇಳಿದ್ರೆ ನನ್ನ ಹೆಸರಲ್ಲಿ ಅಕೌಂಟೇ ಇಲ್ಲ ಅನ್ನಿ’ ಎನ್ನುತ್ತಿದ್ದರು. ಪಾಸ್‌ಬುಕ್ಕು ಅಕ್ಕಿ ಡಬ್ಬದಲ್ಲಿ ಇರುತ್ತಿತ್ತೆಂದು ಅದರ ಹಾಳೆ ಮಗುಚುವಾಗ ಉದುರುವ ನುಚ್ಚಿನಿಂದಲೇ ತಿಳಿಯುತ್ತಿತ್ತು.

ಹಾಗಾಗಿ ಅಜ್ಜಿಯ ಮಾತು ಸುಮ್ಮನೆ ಬಂದದ್ದಲ್ಲ. ಹುಡುಗನಿಗೂ ಅದು ಗೊತ್ತು. ಅವನು ವಾದ ಮಾಡಲಿಲ್ಲ. ‘ಅಜ್ಜೀ, ಇಲ್ಲಿ ಮಳೆ ಬಂದ್ರೆ ನಿಲ್ಲೋದು ಪಬ್ಬಲ್ಲಿ, ಊಟ ಪಬ್ಬಲ್ಲಿ, ಹಾಡು ಪಬ್ಬಲ್ಲಿ. ಹೋಗದೇ ಇರೋಕಾಗಲ್ಲ. ಆದ್ರೆ ದಿನಾ ಏನು ಕುಡಿದೆ ಅಂತ ನಿಮಗೇ ಹೇಳ್ತೀನಿ’ ಎಂದ. ಅಲ್ಲಿ ಸಂಜೆ ನಾಲ್ಕಾದರೆ ನಮಗೆ ರಾತ್ರಿ ಎಂಟೂವರೆ. ಆ ಹೊತ್ತಿಗೆ ಫೋನು ಮಾಡುವುದು, ನಿನ್ನೆಯ ಲೆಕ್ಕ ಒಪ್ಪಿಸುವುದು ಎಂದು ತೀರ್ಮಾನವಾಯಿತು. ನಾನು ಬಿ.ಕಾಂ. ಓದಿದವನು, ಒಂದು ನೋಟ್‌ಬುಕ್ ತೆಗೆದು ಎರಡು ಕಾಲಂ ಎಳೆದೆ. ಎಡಕ್ಕೆ ‘ನೋಡಿದ್ದು’, ಬಲಕ್ಕೆ ‘ಕುಡಿದದ್ದು’.

ಒಂಬತ್ತು ಸಾವಿರ ವರ್ಷದ ಗುತ್ತಿಗೆ

ಮೊದಲ ಎರಡು ದಿನ ಡಬ್ಲಿನ್ ಮತ್ತು ಸುತ್ತಮುತ್ತ. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಚಿನ್ನದ ಕೋಣೆಯೇ ಇದೆ. ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ಒಂದು ಚಿನ್ನದ ಕಂಠಾಭರಣ 1932ರಲ್ಲಿ ಬಂಡೆಯ ಬಿರುಕಿನಲ್ಲಿ ಸಿಕ್ಕಿತು. ಸಿಕ್ಕಿದ್ದು ಮೊಲ ಹಿಡಿಯಲು ಹೋಗಿದ್ದ ಹಳ್ಳಿಯ ಹುಡುಗನಿಗೆ. ಇನ್ನೊಂದು, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಚಿನ್ನದ ದೋಣಿ. ಅದಕ್ಕೆ ಕಡ್ಡಿಯಷ್ಟು ತೆಳ್ಳನೆಯ ಹುಟ್ಟುಗಳೂ ಇವೆ. 1896ರಲ್ಲಿ ಹೊಲ ಉಳುವಾಗ ಸಿಕ್ಕಿದ್ದು. ಹುಡುಗ ಅದರ ಫೋಟೊ ಕಳಿಸಿದಾಗ ಅಜ್ಜಿ ಎಷ್ಟು ಪವನು ಇರಬಹುದೆಂದು ಅಂದಾಜು ಹಾಕಿದಳು.

ಡಬ್ಲಿನ್ನಿನ ಉತ್ತರಕ್ಕೆ ನ್ಯೂಗ್ರೇಂಜ್ ಎಂಬ ಕಲ್ಲುಗುಡ್ಡೆಯ ಸಮಾಧಿ ಇದೆ. ಐದು ಸಾವಿರ ವರ್ಷಕ್ಕಿಂತ ಹಳೆಯದು, ಈಜಿಪ್ಟಿನ ಗೀಜಾ ಪಿರಮಿಡ್ಡುಗಳಿಗಿಂತ ಮೊದಲಿನದು. ಡಿಸೆಂಬರ್ 21ರ ಆಸುಪಾಸಿನ ಬೆಳಗ್ಗೆ ಸೂರ್ಯನ ಕಿರಣ ಬಾಗಿಲ ಮೇಲಿನ ಕಿಂಡಿಯಿಂದ ಒಳಹೊಕ್ಕು ಸುಮಾರು 17 ನಿಮಿಷ ಗರ್ಭದ ಕೋಣೆಯನ್ನು ಬೆಳಗುತ್ತದೆ. ಬೆಂಗಳೂರಿನ ಗವಿ ಗಂಗಾಧರೇಶ್ವರನಿಗೆ ಸಂಕ್ರಾಂತಿಯ ಸಂಜೆ ಸೂರ್ಯ ನಂದಿಯ ಕೊಂಬಿನ ನಡುವೆ ಹಾದು ಬರುವುದನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಇನ್ನು ಪಬ್ಬು. ಡಬ್ಲಿನ್ನಿನಲ್ಲಿ ಗಿನ್ನೆಸ್ ಎಂಬ ಕಪ್ಪು ಬಿಯರಿನ ಕಾರ್ಖಾನೆ ಜಗತ್ಪ್ರಸಿದ್ಧ. ನನಗೆ ರುಚಿಸಿದ್ದು ಅದರ ಬಿಯರಲ್ಲ, ಪತ್ರ. 1759ರಲ್ಲಿ ಆರ್ಥರ್ ಗಿನ್ನೆಸ್ ಎಂಬಾತ ವರ್ಷಕ್ಕೆ 45 ಪೌಂಡ್ ಬಾಡಿಗೆಗೆ ಆ ಜಾಗವನ್ನು ಗುತ್ತಿಗೆ ಹಿಡಿದ. ಎಷ್ಟು ವರ್ಷಕ್ಕೆ? 9,000 ವರ್ಷಕ್ಕೆ! ನಮ್ಮ ಲ್ಯಾವೆಲ್ಲೆಗೆ ಸಿಕ್ಕಿದ್ದು ಬರೀ 20. ಆಮೇಲೆ ಕಂಪನಿಯವರು ಜಾಗವನ್ನೇ ಕೊಂಡುಕೊಂಡದ್ದರಿಂದ ಆ ಪತ್ರಕ್ಕೆ ಈಗ ಬೆಲೆಯಿಲ್ಲ. ಇಲ್ಲದಿದ್ದರೆ ಅದು ಮುಗಿಯುವುದು ಕ್ರಿ.ಶ. 10759ರಲ್ಲಿ.

ಹುಡುಗ ಅಲ್ಲಿ ಗಿನ್ನೆಸ್ಸಿನ ಅರ್ಧ ಲೋಟ ಕುಡಿದು ನೋಡಿದ. ಮುಚ್ಚಿಡಲಿಲ್ಲ. ‘ಹೇಗಿತ್ತೋ?’ ಎಂದರೆ, ‘ನೀವು ಜ್ವರಕ್ಕೆ ಕೊಡ್ತಿದ್ರಲ್ಲ ಅಜ್ಜಿ, ನೆಲಬೇವಿನ ಕಷಾಯ, ಅದರ ದೊಡ್ಡಪ್ಪ’ ಎಂದ. ಬಲಗಡೆಯ ಕಾಲಂನಲ್ಲಿ ಬರೆದುಕೊಂಡೆ. ಅಜ್ಜಿ ಏನೂ ಹೇಳದೆ ಎದ್ದು ಒಳಗೆ ಹೋದಳು.

ವಿಕ್ಲೋ ಬೆಟ್ಟದ ಚಿನ್ನ

ಮೂರನೆಯ ದಿನ ಅವನು ಡಬ್ಲಿನ್ನಿನ ದಕ್ಷಿಣಕ್ಕಿರುವ ವಿಕ್ಲೋ ಜಿಲ್ಲೆಗೆ ಹೋದ. ಎಲ್ಲರೂ ಅಲ್ಲಿನ ಸರೋವರ, ಹಳೆಯ ಸನ್ಯಾಸಿ ಮಠ ನೋಡಿ ಬರುತ್ತಾರೆ. ಇವನು ಒಂದು ತೊರೆ ಹುಡುಕಿಕೊಂಡು ಹೋದ. ಅದರ ಹೆಸರೇ ‘ಚಿನ್ನದ ಗಣಿ ಹೊಳೆ’. 1795ರಲ್ಲಿ ಆ ತೊರೆಯಲ್ಲಿ ಚಿನ್ನ ಸಿಕ್ಕಿ, ಸುತ್ತಲಿನ ಬಡ ರೈತರು ಗಂಡಸರು ಹೆಂಗಸರೆನ್ನದೆ ತಟ್ಟೆ, ಬುಟ್ಟಿ ಹಿಡಿದು ನೀರಿಗಿಳಿದರು. ಕೆಲವೇ ವಾರ. ಸರ್ಕಾರ ಸಿಪಾಯಿಗಳನ್ನು ಕಳಿಸಿ ತೊರೆಯನ್ನು ವಶಪಡಿಸಿಕೊಂಡಿತು. ವಾರೆನ್ ಸಾಹೇಬರು ನಮ್ಮ ಮಾರಿಕುಪ್ಪಂನಲ್ಲಿ ಮಣ್ಣು ತೊಳೆಯುವುದನ್ನು ನೋಡಿದ್ದು ಇದಾದ ಏಳು ವರ್ಷಕ್ಕೆ. ಅಲ್ಲಿಯೂ ಇಲ್ಲಿಯೂ ಚಿನ್ನ ಇರುವ ಜಾಗ ಮೊದಲು ಗೊತ್ತಿದ್ದದ್ದು ಹಳ್ಳಿಯವರಿಗೆ. ಕಾಗದ ಪತ್ರ ಮಾತ್ರ ಬೇರೆಯವರ ಹೆಸರಿಗೆ ಆಯಿತು.

ವಿಕ್ಲೋದಲ್ಲಿ ಚಿನ್ನ ಹೆಚ್ಚು ಕಾಲ ಬರಲಿಲ್ಲ. ಕುಡಿದದ್ದು: ಟೀ ಎರಡು, ತರಕಾರಿ ಸೂಪು ಒಂದು.

ಹಡಗು ಹತ್ತಿದವರು

ಆಮೇಲೆ ರೈಲಿನಲ್ಲಿ ದಕ್ಷಿಣದ ಕಾರ್ಕ್ ನಗರ. ಅಲ್ಲಿಯ ದೊಡ್ಡ ಬೀದಿಯಲ್ಲಿ ಒಬ್ಬ ಪಾದ್ರಿಯ ಪ್ರತಿಮೆ ಇದೆ. ಫಾದರ್ ಥಿಯೊಬಾಲ್ಡ್ ಮ್ಯಾಥ್ಯೂ ಎಂದು ಹೆಸರು. 1838ರಲ್ಲಿ ಇವರು ಕಾರ್ಕ್‌ನಲ್ಲಿ ಮದ್ಯಪಾನ ಬಿಡಿಸುವ ಚಳವಳಿ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಜನ ಅವರೆದುರು ಇನ್ನು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರಂತೆ. ಈ ಸುದ್ದಿ ಕೇಳಿದ ಮೇಲೆ ಅಜ್ಜಿಯ ಮುಖ ಗೆಲುವಾಯಿತು. ‘ಪಬ್ಬಿನ ದೇಶದಲ್ಲಿ ಒಬ್ಬ ಒಳ್ಳೆಯವನಿಗೆ ಪ್ರತಿಮೆ ಇಟ್ಟಿದ್ದಾರಲ್ಲ’ ಎಂದಳು. ಕುಡಿತದಿಂದ ಮನೆ ಹಾಳಾಗುವುದನ್ನು ಐರ್ಲೆಂಡಿನ ಹೆಂಗಸರೂ ಕಂಡವರೇ.

ಕಾರ್ಕ್ ಪಕ್ಕದ ಬಂದರು ಕೋವ್. ಟೈಟಾನಿಕ್ ಹಡಗು 1912ರ ಏಪ್ರಿಲ್ 11ರಂದು ಕೊನೆಯ ಬಾರಿ ನಿಂತದ್ದು ಅಲ್ಲಿಯೇ. ಮಕ್ಕಳಿಗೆ ಟೈಟಾನಿಕ್ ಇಷ್ಟ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಬಂದರಿನ ದಡದಲ್ಲಿ ಒಬ್ಬ ಹುಡುಗಿ ಇಬ್ಬರು ತಮ್ಮಂದಿರೊಂದಿಗೆ ನಿಂತಿರುವ ಪ್ರತಿಮೆ ಇದೆ. ಆನಿ ಮೂರ್ ಎಂಬ ಈ ಹುಡುಗಿ 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಠಾಣೆ ಬಾಗಿಲು ತೆರೆದಾಗ ಒಳಗೆ ಕಾಲಿಟ್ಟ ಮೊದಲನೆಯವಳು.

ಅವರು ಹೋದದ್ದು ಏಕೆಂದರೆ ಊರಲ್ಲಿ ಅನ್ನವಿರಲಿಲ್ಲ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ವಲಸೆ ಅಲ್ಲಿಗೆ ನಿಲ್ಲಲಿಲ್ಲ, ನೂರು ವರ್ಷ ನಡೆಯಿತು. 1841ರಲ್ಲಿ ಆ ದ್ವೀಪದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿದ್ದರು. ಇಂದಿಗೂ ಆ ಸಂಖ್ಯೆ ಮರಳಿ ಬಂದಿಲ್ಲ. ಅಮೆರಿಕಕ್ಕೆ ಹೊರಡುವ ಮಗನಿಗೋ ಮಗಳಿಗೋ ಹಿಂದಿನ ರಾತ್ರಿ ಮನೆಯವರು ಜಾಗರಣೆ ಮಾಡುತ್ತಿದ್ದರಂತೆ, ಸತ್ತವರ ಮನೆಯಲ್ಲಿ ಮಾಡುವ ಹಾಗೆ. ಇನ್ನು ನೋಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಸೀಮೆಗೆ ಧಾತು ಸಂವತ್ಸರದ ಬರ ಬಂದದ್ದು 1876ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ಆಮೇಲೆ ಗಣಿ ತೆರೆದಾಗ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಕೆ.ಜಿ.ಎಫ್.ಗೆ ಬಂದರು. ಒಂದು ಕಾಲಕ್ಕೆ ಮೂವತ್ತು ಸಾವಿರದಷ್ಟು ಜನ ದುಡಿದ ಊರು. ಈಗ ಅವರ ಮೊಮ್ಮಕ್ಕಳು ನಸುಕಿನಲ್ಲೆದ್ದು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ನಮ್ಮವನು ಇನ್ನೂ ದೂರ ಹೋದ, ಅಷ್ಟೇ. ಅವನು ಹೊರಟ ಹಿಂದಿನ ರಾತ್ರಿ ನಮ್ಮ ಮನೆಯಲ್ಲೂ ಯಾರೂ ನಿದ್ದೆ ಮಾಡಿರಲಿಲ್ಲ. ಆದರೆ ಅದು ಚಟ್ನಿಪುಡಿ ತೂಕ ಹಾಕುವ ಗಲಾಟೆಯಲ್ಲಿ.

ಅಲಿಹೀಸ್

ಇಡೀ ಪ್ರವಾಸದಲ್ಲಿ ಅವನು ಅತಿ ಹೆಚ್ಚು ಹೊತ್ತು ಮಾತಾಡಿದ್ದು ಯಾವ ಪ್ರಸಿದ್ಧ ಜಾಗದ ಬಗೆಗೂ ಅಲ್ಲ. ಕಾರ್ಕ್ ಜಿಲ್ಲೆಯ ಪಶ್ಚಿಮದ ತುದಿಯಲ್ಲಿ, ಸಮುದ್ರಕ್ಕೆ ಚಾಚಿದ ಬೆಟ್ಟದ ನಾಲಿಗೆಯ ಮೇಲೆ, ಅಲಿಹೀಸ್ ಎಂಬ ಪುಟ್ಟ ಹಳ್ಳಿ. ಬಸ್ಸು ಅಪರೂಪ. ಕಾರ್ಕ್‌ನ ಗೆಳೆಯನೊಬ್ಬ ತನ್ನ ಕಾರಿನಲ್ಲಿ ಕರೆದೊಯ್ದ.

ಅಲಿಹೀಸ್ ತಾಮ್ರದ ಗಣಿಯ ಊರು. 1812ರ ಸುಮಾರಿಗೆ ಆರಂಭವಾದ ಗಣಿಯಲ್ಲಿ ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ನುರಿತವರನ್ನು ಕರೆತಂದಿದ್ದರು. ಕೆ.ಜಿ.ಎಫ್.ಗೂ ಕಾರ್ನ್‌ವಾಲ್‌ನವರು ಬಂದರಲ್ಲ, ಅದೇ ಕುಲದ ಜನ. ಆ ಶತಮಾನದ ಕೊನೆಗೆ ಗಣಿ ಮುಚ್ಚಿತು. ಕೆಲಸ ಬಲ್ಲ ಗಂಡಸರು ಅಮೆರಿಕದ ಮೊಂಟಾನಾ ರಾಜ್ಯದ ಬ್ಯೂಟ್ ಎಂಬ ತಾಮ್ರದ ಊರಿಗೆ ಹೋದರು.

ಅಲ್ಲಿ ಏನಿದೆ ನೋಡಲು? ಬೆಟ್ಟದ ಮೇಲೆ ಕಲ್ಲಿನ ಯಂತ್ರಶಾಲೆಯೊಂದು, ಚಾವಣಿಯಿಲ್ಲದೆ, ಎತ್ತರದ ಚಿಮಣಿಯೊಂದಿಗೆ. ಏಣಿ ಹತ್ತಿ ಇಳಿದು ಸುಸ್ತಾಗುತ್ತಿದ್ದ ಗಣಿಗಾರರನ್ನು ಮೇಲೆ ಕೆಳಗೆ ಸಾಗಿಸುವ ಯಂತ್ರಕ್ಕಾಗಿಯೇ ಕಟ್ಟಿದ ಮನೆ ಅದು. ಗೋಡೆ ಬೀಳದ ಹಾಗೆ ಭದ್ರ ಮಾಡಿ ಉಳಿಸಿದ್ದಾರೆ. ಹಳ್ಳಿಯೊಳಗೆ, ಕಾರ್ನ್‌ವಾಲ್‌ನವರಿಗಾಗಿ ಕಟ್ಟಿದ್ದ ಹಳೆಯ ಚರ್ಚಿನಲ್ಲಿ, ಗಣಿಯ ವಸ್ತುಸಂಗ್ರಹಾಲಯ. ಪಕ್ಕದಲ್ಲಿ ಕುಡಿಯಲು ಟೀ, ತಿನ್ನಲು ಕೇಕು.

‘ತಾತ’ ಎಂದ ಹುಡುಗ. ‘ಇದು ಸಾವಿರ ಜನರ ಗಣಿ. ಮುಚ್ಚಿ ನೂರು ವರ್ಷದ ಮೇಲಾಯ್ತು. ಆದ್ರೂ ನಾನು ದುಡ್ಡು ಕೊಟ್ಟು ನೋಡಿ ಬಂದೆ. ನಮ್ಮೂರಿಗೆ ಇಲ್ಲಿಯವರು ಬಂದ್ರೆ ಏನು ತೋರಿಸೋದು?’

ನಾನು ಸೈನೈಡ್ ದಿಬ್ಬ ಎಂದೆ. ಚಿನ್ನ ತೆಗೆದು ಬಿಟ್ಟ ಮಣ್ಣಿನ ಗುಡ್ಡ. ಸಿನಿಮಾದವರಿಗೆ ಅದು ಚೆಂದ, ಪಕ್ಕದಲ್ಲಿ ಇರುವವರಿಗೆ ಗಾಳಿ ಬೀಸಿದಾಗ ಕಣ್ಣಿಗೆ ಬೀಳುವ ದೂಳು. ಗಣಿಯ ಆವರಣದೊಳಕ್ಕೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಬಾವಿಯ ಮೇಲಿನ ಕಬ್ಬಿಣದ ಗೋಪುರಗಳು ರಸ್ತೆಯಿಂದಲೇ ಕಾಣುತ್ತವೆ, ತುಕ್ಕು ಹಿಡಿದುಕೊಂಡು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ತಂತಿ ಎಳೆದು ಬೆಂಗಳೂರಿಗಿಂತ ಮೊದಲೇ ಕರೆಂಟು ತಂದ ಊರಿದು. ಅದನ್ನು ಬಂದವರಿಗೆ ಬಾಯಲ್ಲಿ ಹೇಳಬಹುದು. ಬೆರಳು ಮಾಡಿ ತೋರಿಸಲು ಏನಿದೆ?

ಅಜ್ಜಿ ಆ ರಾತ್ರಿ ‘ಕುಡಿದದ್ದು’ ಕೇಳುವುದನ್ನೇ ಮರೆತಳು. ಟೀ ಒಂದು ಎಂದು ನಾನೇ ಬರೆದುಕೊಂಡೆ.

ಪಬ್ಬಿನಲ್ಲಿ ದೇವರನಾಮ

ಪಶ್ಚಿಮ ಕರಾವಳಿಯ ಮೊಹರ್ ಕಡಿಬಂಡೆಗಳನ್ನು ನೋಡದೆ ಐರ್ಲೆಂಡ್ ನೋಡಿದಂತಾಗದಂತೆ. ಸಮುದ್ರದಿಂದ ಗೋಡೆಯ ಹಾಗೆ ಎದ್ದು ನಿಂತ ಬಂಡೆ, ಅತಿ ಎತ್ತರದ ಕಡೆ 214 ಮೀಟರ್. ಮಕ್ಕಳೇ, ಒಂದು ಲೆಕ್ಕ ಮಾಡಿ: ಅಂಥ ಬಂಡೆಗಳನ್ನು ಒಂದರ ಮೇಲೊಂದು ಹದಿನೈದು ಇಟ್ಟರೆ ನಮ್ಮ ಚಾಂಪಿಯನ್ ರೀಫ್‌ನ ಆಳ. ಅಜ್ಜಿಯ ಅಪ್ಪ ಇಳಿಯುತ್ತಿದ್ದದ್ದು ಅಂಥ ಗಣಿಗೆ.

ಬಂಡೆಗಳ ಹತ್ತಿರದ ಡೂಲಿನ್ ಹಳ್ಳಿ ಸಂಗೀತಕ್ಕೆ ಹೆಸರುವಾಸಿ. ಅಲ್ಲಿಯ ಪಬ್ಬಿನಲ್ಲಿ ಸಂಜೆ ಕಛೇರಿ. ವೇದಿಕೆ ಇಲ್ಲ, ಮೈಕು ಇಲ್ಲ. ಮೂಲೆಯ ಮೇಜಿನ ಸುತ್ತ ನಾಲ್ಕಾರು ಜನ ಕೂತು ಪಿಟೀಲು, ಕೊಳಲು, ಬೌರಾನ್ ನುಡಿಸುತ್ತಾರೆ. ಬೌರಾನ್ ಎಂದರೆ ಮೇಕೆ ಚರ್ಮ ಬಿಗಿದ, ಗಿಡ್ಡ ಕೋಲಿನಿಂದ ಬಾರಿಸುವ ವಾದ್ಯ. ಫೋಟೊ ನೋಡಿದರೆ ನಮ್ಮ ತಮಟೆಯ ತಮ್ಮ. ನುಡಿಸಬಲ್ಲ ಯಾರು ಬೇಕಾದರೂ ಕುರ್ಚಿ ಎಳೆದುಕೊಂಡು ಸೇರಬಹುದು. ಅಜ್ಜಂದಿರು, ಅಜ್ಜಿಯರು, ತಾಯಿಯ ಮಡಿಲಲ್ಲಿ ಮಕ್ಕಳು. ದೊಡ್ಡವರ ಜೊತೆ ಬಂದ ಮಕ್ಕಳು ರಾತ್ರಿ ಒಂಬತ್ತಕ್ಕೆ, ಬೇಸಿಗೆಯಲ್ಲಿ ಹತ್ತಕ್ಕೆ, ಎದ್ದು ಮನೆಗೆ ಹೋಗಬೇಕೆಂದು ಕಾನೂನಿದೆ. 2004ರಿಂದ ಒಳಗೆ ಬೀಡಿ ಸಿಗರೇಟು ನಿಷೇಧ. ಕೆಲಸದ ಜಾಗಗಳಲ್ಲಿ ಇದನ್ನು ಇಡೀ ದೇಶಕ್ಕೆ ತಂದವರಲ್ಲಿ ಅವರೇ ಮೊದಲಿಗರು. ಒಳ್ಳೆಯ ಹರಟೆಗೆ, ಮೋಜಿಗೆ ಅವರು ‘ಕ್ರ್ಯಾಕ್’ ಎನ್ನುತ್ತಾರಂತೆ. ನಮ್ಮಲ್ಲಿ ಹಾಗೆಂದರೆ ಹೊಡೆದಾಟ ಆದೀತು.

ಪಬ್ಬೆಂದರೆ ಹಾಲು ಹಣ್ಣಿನ ಅಂಗಡಿ ಎಂದು ನಾನು ಹೇಳುತ್ತಿಲ್ಲ. ಐದು ಜನ ಗೆಳೆಯರು ಕೂತರೆ ಒಬ್ಬೊಬ್ಬರೂ ಸರದಿಯಂತೆ ಎಲ್ಲರಿಗೂ ಕೊಡಿಸುವ ಪದ್ಧತಿ ಅಲ್ಲಿದೆ. ಅಂದರೆ ಒಂದಕ್ಕೆ ಏಳಬೇಕೆಂದಿದ್ದವನು ಐದು ಕುಡಿದು ಏಳುತ್ತಾನೆ. ಹುಡುಗ ಮೊದಲೇ ‘ನನ್ನನ್ನು ಸರದಿಗೆ ಸೇರಿಸಬೇಡಿ’ ಎಂದು ಹೇಳಿಬಿಡುತ್ತಿದ್ದನಂತೆ. ಯಾರೂ ಬೇಸರಪಡಲಿಲ್ಲ ಎಂದ.

ಡೂಲಿನ್‌ನಲ್ಲಿ ಪಿಟೀಲಿನವರು ‘ನಿಮ್ಮ ಊರಿನ ಹಾಡು ಹೇಳು’ ಎಂದರು. ಇವನು ಚಿಕ್ಕಂದಿನಲ್ಲಿ ಅಜ್ಜಿ ಹೇಳಿಕೊಟ್ಟ ಒಂದು ದೇವರನಾಮ ಹಾಡಿದ. ಎರಡನೆಯ ಸಾಲಿಗೆ ಬೌರಾನ್ ತಾಳ ಹಿಡಿಯಿತು, ಚರಣಕ್ಕೆ ಬರುವಷ್ಟರಲ್ಲಿ ಪಿಟೀಲೂ ಹಿಂದೆ ಬಂತು.

‘ಪಬ್ಬಲ್ಲಿ ದೇವರನಾಮವೇನೋ!’ ಎಂದು ಇಲ್ಲಿ ಕೂಗಾಟ. ಸ್ವಲ್ಪ ಹೊತ್ತು ಮೌನ. ಆಮೇಲೆ ಮೆಲ್ಲಗೆ, ‘ಶ್ರುತಿ ಸರಿಯಿತ್ತಾ?’

ಕಾಣದ ಉತ್ತರ

ಉತ್ತರಕ್ಕೆ ಹೋಗಲಾಗಲಿಲ್ಲ. ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು. ರಸ್ತೆಯಲ್ಲಿ ಗೇಟಿಲ್ಲ, ತಡೆಯುವವರಿಲ್ಲ. ಆದರೂ ನಮ್ಮ ಪಾಸ್‌ಪೋರ್ಟಿನವರಿಗೆ ಬೇರೆ ವೀಸಾ ಬೇಕು. ಅಲ್ಲಿ ಸಮುದ್ರದ ದಡದಲ್ಲಿ ಸುಮಾರು 40,000 ಕಲ್ಲುಕಂಬಗಳು ಒತ್ತಾಗಿ ನಿಂತಿರುವ ‘ಜೈಂಟ್ಸ್ ಕಾಸ್‌ವೇ’ ಇದೆ. ‘ಬಿಡು, ರಜೆಗೆ ಬಂದಾಗ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ, ಅಲ್ಲೂ ಲಾವಾ ಆರಿ ಆದ ಕಂಬಗಳೇ’ ಎಂದು ಸಮಾಧಾನ ಹೇಳಿದೆ.

ನನಗೆ ಬೆಲ್‌ಫಾಸ್ಟ್ ಬೇಕಿದ್ದದ್ದು ಬೇರೆ ಕಾರಣಕ್ಕೆ. ಲ್ಯಾವೆಲ್ಲೆ ಇಲ್ಲಿ ಅರ್ಜಿ ಬರೆದ 1873ರಲ್ಲೇ ಆ ಊರಿನಲ್ಲಿ ಜೇಮ್ಸ್ ಕಸಿನ್ಸ್ ಎಂಬ ಕವಿ ಹುಟ್ಟಿದರು. 1924ರಲ್ಲಿ ಅವರು ಮೈಸೂರಿಗೆ ಬಂದಿದ್ದಾಗ ಒಬ್ಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವನಗಳನ್ನು ಹಿಡಿದು ಹೋದ. ಕಸಿನ್ಸ್ ಓದಿ, ನಿನ್ನ ಭಾಷೆಯಲ್ಲಿ ಬರೆ ಎಂದರು. ಆ ವಿದ್ಯಾರ್ಥಿಯೇ ನಮ್ಮ ಕುವೆಂಪು. ಕಸಿನ್ಸ್‌ಗೆ ಆ ಮಾತು ಎಲ್ಲಿಂದ ಬಂತು? ಅವರ ದೇಶದಲ್ಲೇ ಮನೆಮಾತು ಸೊರಗಿತ್ತು. ಇಂದೂ ಐರಿಷ್ ಭಾಷೆ ಸಂವಿಧಾನದಲ್ಲಿ ಮೊದಲ ಭಾಷೆ, ರಸ್ತೆಯ ಫಲಕಗಳಲ್ಲಿ ಮೇಲಿನ ಸಾಲು. ದಿನನಿತ್ಯ ಆಡುವವರು ಪಶ್ಚಿಮದ ಕೆಲವು ಮೂಲೆಗಳಲ್ಲಿ ಮಾತ್ರ ಹೆಚ್ಚು. ಕಳೆದುಕೊಂಡವರಿಗೆ ಬೆಲೆ ಗೊತ್ತಿರುತ್ತದೆ ಎಂದು ನನ್ನ ಅನಿಸಿಕೆ.

ಅವರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಕೂಡ ಐರ್ಲೆಂಡಿನವರೇ. ನಮ್ಮ ಶ್ರೀನಿವಾಸಪುರ ದಾಟಿ ಗಡಿಯಾಚೆ ಹೋದರೆ ಸಿಗುವ ಮದನಪಲ್ಲಿಯಲ್ಲಿ, 1919ರ ಫೆಬ್ರುವರಿಯಲ್ಲಿ, ರವೀಂದ್ರನಾಥ ಟ್ಯಾಗೋರರು ‘ಜನ ಗಣ ಮನ’ ಹಾಡಿದಾಗ ಅದಕ್ಕೆ ಸ್ವರಲಿಪಿ ಬರೆದುಕೊಂಡವರು ಈ ತಾಯಿ. ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ತ್ವಗಳು ಐರ್ಲೆಂಡಿನಿಂದ ಬಂದವೆಂದು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡುತ್ತೀರಲ್ಲ, ಅದರ ಜೊತೆ ಇದನ್ನೂ ಸೇರಿಸಿಕೊಳ್ಳಿ.

ಹತ್ತು ದಿನದ ಲೆಕ್ಕ ಹೀಗೆ ಮುಗಿಯಿತು. ಟೀ ಹದಿನಾಲ್ಕು, ಸೂಪು ಏಳು, ಕಿತ್ತಳೆ ರಸ ಮೂರು, ಗಿನ್ನೆಸ್ ಅರ್ಧ ಲೋಟ. ಅಜ್ಜಿ ಕಾಲಂ ಕೂಡಿಸಿ ನೋಡಿ, ‘ಈ ಅರ್ಧ ಬಿಟ್ಟರೆ ಪರವಾಗಿಲ್ಲ’ ಎಂದಳು. ಅದನ್ನು ಹೊಡೆದುಹಾಕಲು ಬರುತ್ತದೆಯೇ ಎಂದು ಕೇಳಿದಳು. ಲೆಡ್ಜರಿನಲ್ಲಿ ಹಾಗೆ ಬರುವುದಿಲ್ಲ ಎಂದೆ.

ಡಿಸೆಂಬರಿಗೆ ಅವನು ಬರುತ್ತಾನೆ, ಅಲಿಹೀಸ್‌ಗೆ ಕಾರು ಓಡಿಸಿದ ಗೆಳೆಯನನ್ನೂ ಕರೆತರುತ್ತಾನೆ. ಬಂಗಾರಪೇಟೆಯಲ್ಲಿ ಪಬ್ಬಿಲ್ಲದಿದ್ದರೂ ಸಂಜೆಗೆ ಪಾನಿಪುರಿ ಗಾಡಿ ಇದೆ. ನಮ್ಮಲ್ಲಿಯ ಪಾನಿ ಬಣ್ಣವಿಲ್ಲದೆ ಬಾವಿಯ ನೀರಿನಂತೆ ತಿಳಿಯಾಗಿರುತ್ತದೆ, ನೋಡಿ ಮೋಸ ಹೋದವರಿಗೆ ಖಾರ ನೆತ್ತಿಗೇರುತ್ತದೆ. ಬೆಳಗ್ಗೆ ಮಾರಿಕುಪ್ಪಂ ರೈಲಿನಲ್ಲಿ ಉರಿಗಾಂ, ಚಾಂಪಿಯನ್ ನಿಲ್ದಾಣ ತೋರಿಸಬೇಕು. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೂ ಹೋಗಬೇಕು.

ಗಣಿಗೆ ಮಾತ್ರ ಬೇರೆ ಏರ್ಪಾಡು ಮಾಡಿದ್ದೇವೆ. ನೋಟ್‌ಬುಕ್ಕಿನಲ್ಲಿ ಇನ್ನೂ ನೂರಿಪ್ಪತ್ತು ಹಾಳೆ ಉಳಿದಿತ್ತು. ಅಜ್ಜಿ ತನ್ನ ಅಪ್ಪನ ಬಾಯಲ್ಲಿ ಕೇಳಿದ ಗಣಿಯ ಮಾತುಗಳನ್ನು, ಪಾಳಿಯ ಹೊತ್ತನ್ನು, ಸೈರನ್ ಎಷ್ಟು ಸಲ ಕೂಗಿದರೆ ಏನರ್ಥ ಎಂಬುದನ್ನು ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಭಾನುವಾರ ಆಂಡರ್ಸನ್‌ಪೇಟೆ, ಚಾಂಪಿಯನ್ ಕಡೆಯ ಹಳಬರ ಮನೆಗೆ ಹೋಗುತ್ತೇವೆ. ಕನ್ನಡ, ತಮಿಳು, ತೆಲುಗು ಮೂರೂ ಬೆರೆತ ಮಾತು. ಕೇಳಿದ ಹಾಗೇ ಬರೆಯುತ್ತಿದ್ದೇನೆ. ಕ್ರಿಕೆಟ್ ಹುಡುಗರಲ್ಲಿ ಆ ‘ಫಾಸ್ಟ್ ಬೌಲರ್’ ಎಂದವನು ಈಗ ಮೊಬೈಲಿನಲ್ಲಿ ಫೋಟೊ ತೆಗೆಯಲು ಜೊತೆಗೆ ಬರುತ್ತಾನೆ. ಹೋದ ವಾರ ಒಬ್ಬ ಹಿರಿಯರು ಟ್ರಂಕಿನ ತಳದಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದು ಕೊಟ್ಟರು. ಇಳಿಯುವಾಗ ತೆಗೆದುಕೊಂಡು, ಮೇಲೆ ಬಂದ ಮೇಲೆ ಹಿಂತಿರುಗಿಸಬೇಕಾದ ನಂಬರಿನ ಬಿಲ್ಲೆ. ಕೊನೆಯ ಪಾಳಿಯ ದಿನ ವಾಪಸು ಕೇಳಲು ಯಾರೂ ಇರಲಿಲ್ಲವಂತೆ. ‘ಆ ಹುಡುಗನಿಗೆ ತೋರಿಸಿ ತಂದುಕೊಡಿ’ ಎಂದಿದ್ದಾರೆ. ಅಲ್ಲಿಯವರೆಗೆ ಅದು ನಮ್ಮ ಮನೆಯ ಅಕ್ಕಿ ಡಬ್ಬದಲ್ಲಿದೆ.